ಮಾಡುವ ಮುನ್ನ ಒಂದು ಊಹೆ

ಎ4 ಅಳತೆಯ ಎರಡು ಹಾಳೆ ತೆಗೆದುಕೊಳ್ಳಿ. ಒಂದನ್ನು ಉದ್ದುದ್ದಕ್ಕೆ ಸುತ್ತಿ, ಅಂಚಿಗೆ ಅಂಚು ಕೂಡಿಸಿ ಟೇಪ್ ಹಚ್ಚಿ. ಎತ್ತರದ, ಸಪೂರ ಕೊಳವೆಯಾಯಿತು. ಇನ್ನೊಂದನ್ನು ಅಡ್ಡಡ್ಡಕ್ಕೆ ಸುತ್ತಿ ಟೇಪ್ ಹಚ್ಚಿ. ಗಿಡ್ಡನೆಯ, ದಪ್ಪ ಕೊಳವೆಯಾಯಿತು. ಎರಡಕ್ಕೂ ಬಳಸಿದ್ದು ಒಂದೇ ಅಳತೆಯ ಹಾಳೆ. ಯಾವುದರಲ್ಲಿ ಹೆಚ್ಚು ಮರಳು ಹಿಡಿಸುತ್ತದೆ?

ಮುಂದಕ್ಕೆ ಓದುವ ಮೊದಲು ಮನಸ್ಸಿನಲ್ಲೇ ಒಂದು ಉತ್ತರ ಗಟ್ಟಿ ಮಾಡಿಕೊಳ್ಳಿ.

ನಾಲ್ಕನೇ ಕ್ಲಾಸಿನಲ್ಲಿ ಈ ಪ್ರಶ್ನೆ ಕೇಳಿದಾಗೆಲ್ಲ ತುಂಬಾ ಮಕ್ಕಳು ಎತ್ತರದ ಕೊಳವೆಯ ಕಡೆಗೇ ಬೆರಳು ತೋರಿಸುತ್ತಾರೆ. ಸ್ವಲ್ಪ ಯೋಚಿಸುವವರು "ಎರಡೂ ಒಂದೇ ಟೀಚರ್, ಹಾಳೆ ಒಂದೇ ಅಲ್ವಾ?" ಅನ್ನುತ್ತಾರೆ. ಗಿಡ್ಡ ಕೊಳವೆ ಅನ್ನುವವರು ಕೆಲವೇ ಕೆಲವರು. ಯಾಕೆ ಅಂತ ಕೇಳಿದರೆ ಅವರಿಗೂ ಹೇಳಲು ಬರುವುದಿಲ್ಲ. ಈಗ ಗಿಡ್ಡ ಕೊಳವೆಯನ್ನು ಒಂದು ಅಗಲ ತಟ್ಟೆಯಲ್ಲಿ ನಿಲ್ಲಿಸಿ, ಎತ್ತರದ್ದನ್ನು ಅದರ ಒಳಗಿಡಬೇಕು. ಎತ್ತರದ್ದಕ್ಕೆ ಬಾಯಿಮಟ್ಟ ಮರಳು ಸುರಿದು, ಆಮೇಲೆ ಅದನ್ನು ಮೆಲ್ಲಗೆ ಮೇಲಕ್ಕೆ ಎತ್ತಬೇಕು. ಮರಳು ಸರಸರನೆ ಗಿಡ್ಡ ಕೊಳವೆಯೊಳಗೆ ಹರಡಿಕೊಳ್ಳುತ್ತದೆ. ಮಕ್ಕಳು ಬೆಂಚಿನಿಂದ ಎದ್ದು, ಒಬ್ಬರ ಹೆಗಲ ಮೇಲೊಬ್ಬರು ಗಲ್ಲ ಊರಿ ಬಗ್ಗಿ ನೋಡುತ್ತಾರೆ. ಎತ್ತರದ್ದು ಪೂರ್ತಿ ಖಾಲಿಯಾದರೂ ಗಿಡ್ಡದ್ದು ತುಂಬುವುದಿಲ್ಲ. ಮೇಲೆ ಕಾಲು ಭಾಗಕ್ಕೂ ಮಿಕ್ಕಿ ಜಾಗ ಉಳಿದಿರುತ್ತದೆ.

ಆ ಕ್ಷಣದಲ್ಲಿ ಕ್ಲಾಸಿನಲ್ಲಿ ಏಳುವ ಗದ್ದಲ ನನಗೆ ಬಹಳ ಇಷ್ಟ. "ಮೋಸ!" ಅಂತ ಕೂಗುವವರು ಇರುತ್ತಾರೆ. ಹಾಳೆ ಅಳೆದು ನೋಡುತ್ತೇನೆ ಅಂತ ಸ್ಕೇಲ್ ಹಿಡಿದುಕೊಂಡು ಬರುವವರೂ ಇರುತ್ತಾರೆ. ಅಳೆಯಲಿ. ಎ4 ಹಾಳೆ 297 ಮಿಲಿಮೀಟರ್ ಉದ್ದ, 210 ಮಿಲಿಮೀಟರ್ ಅಗಲ ಇರುತ್ತದೆ. ಗಿಡ್ಡ ಕೊಳವೆಯ ಗಾತ್ರ ಎತ್ತರದ್ದರ ಸುಮಾರು 1.4 ಪಟ್ಟು. ಎತ್ತರ ಹೆಚ್ಚಿದರೆ ಗಾತ್ರ ಅಷ್ಟೇ ಪಟ್ಟು ಹೆಚ್ಚುತ್ತದೆ, ಸುತ್ತಳತೆ ಹೆಚ್ಚಿದರೆ ಅದರ ವರ್ಗದಷ್ಟು ಹೆಚ್ಚುತ್ತದೆ. ಈ ಲೆಕ್ಕ ನಾಲ್ಕನೇ ಕ್ಲಾಸಿಗೆ ಬೇಕಾಗಿಲ್ಲ. "ಎತ್ತರವಾಗಿದ್ದರೆ ದೊಡ್ಡದು" ಅಂತ ತಾವು ನಂಬಿಕೊಂಡಿದ್ದೇವೆ, ಆ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಬಹುದು ಅನ್ನುವುದು ಗೊತ್ತಾದರೆ ಆ ದಿನಕ್ಕೆ ಬೇಕಾದಷ್ಟಾಯಿತು.

ಬೇಕಾದ ಸಾಮಾನು ಎರಡು ಹಾಳೆ, ತುಣುಕು ಟೇಪು, ಒಂದು ಡಬ್ಬಿ ಮರಳು. ಆದರೆ ಈ ಚಟುವಟಿಕೆಯ ಜೀವ ಸಾಮಾನಿನಲ್ಲಿಲ್ಲ. ಮರಳು ಸುರಿಯುವ ಮೊದಲೇ ಪ್ರತಿ ಮಗುವೂ ಒಂದು ಪಕ್ಷ ಹಿಡಿದಿತ್ತಲ್ಲ, ಅಲ್ಲಿದೆ. ಇದನ್ನೇ "ನೋಡಿ ಮಕ್ಕಳೇ, ಗಿಡ್ಡ ಕೊಳವೆಯಲ್ಲಿ ಹೆಚ್ಚು ಹಿಡಿಸುತ್ತದೆ" ಅಂತ ಮೊದಲೇ ಹೇಳಿ ಮಾಡಿ ತೋರಿಸಿದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಮಕ್ಕಳು ಚಪ್ಪಾಳೆಯನ್ನೂ ತಟ್ಟುತ್ತಾರೆ. ವಾರ ಬಿಟ್ಟು ಕೇಳಿ ನೋಡಿ, ಎತ್ತರದ್ದೇ ದೊಡ್ಡದು ಅನ್ನುವವರು ಮತ್ತೆ ಅಷ್ಟೇ ಜನ ಇರುತ್ತಾರೆ.

ಕಡಿಮೆ ಖರ್ಚಿನ ಚಟುವಟಿಕೆಗಳ ಬಗ್ಗೆ ಶಿಕ್ಷಕರು ಸೇರಿದಲ್ಲೆಲ್ಲ ಮಾತು ಸಾಮಾನಿನ ಪಟ್ಟಿಗೇ ನಿಂತುಬಿಡುತ್ತದೆ. ಐಸ್‌ಕ್ರೀಂ ಕಡ್ಡಿಯಿಂದ ಇದು, ಬಾಟಲಿ ಮುಚ್ಚಳದಿಂದ ಅದು. ಪಟ್ಟಿ ಬೇಕು, ನಾನೂ ಕೆಳಗೆ ಒಂದಷ್ಟು ಹೇಳುತ್ತೇನೆ. ಆದರೆ ಮಾಡುವ ಮೊದಲು ಮಗು ಊಹಿಸಬೇಕು, ಮಾಡಿದ ಮೇಲೆ ಯಾಕೆ ಹೀಗಾಯಿತು ಅಂತ ಬಾಯಿಬಿಟ್ಟು ಹೇಳಬೇಕು. ಈ ಎರಡು ಇಲ್ಲದಿದ್ದರೆ ಎಷ್ಟೇ ಚಂದದ ಚಟುವಟಿಕೆಯೂ ಬರೀ ಕೈಕೆಲಸ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಮಾತಿಗೆ ಒತ್ತಾಸೆಯಾಗಿದೆ. ಭೌತಶಾಸ್ತ್ರದ ತರಗತಿಯಲ್ಲಿ ಪ್ರಯೋಗವನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳಿಗೂ ಪ್ರಯೋಗವನ್ನೇ ನೋಡದವರಿಗೂ ತಿಳಿವಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನೋಡುವ ಮೊದಲು ಏನಾಗಬಹುದು ಎಂದು ಊಹಿಸಿದವರಿಗೆ ಮಾತ್ರ ವಿಷಯ ಚೆನ್ನಾಗಿ ಹತ್ತಿತ್ತು. ಅವರು ಕಾಲೇಜಿನವರು, ನಮ್ಮವು ಪುಟ್ಟ ಮಕ್ಕಳು, ನಿಜ. ಆದರೆ ನನ್ನ ತರಗತಿಯಲ್ಲಿ ನಾನು ಕಂಡಿದ್ದೂ ಇದನ್ನೇ.

ಊಹೆ ಕೇಳುವುದು ಸುಲಭ ಅನ್ನಿಸುತ್ತದೆ. ಕೇಳಿ ನೋಡಿದರೆ ಕಷ್ಟ ಗೊತ್ತಾಗುತ್ತದೆ. "ಏನಾಗುತ್ತೆ ಹೇಳಿ?" ಎಂದ ಕೂಡಲೇ ಯಾವಾಗಲೂ ಮೊದಲು ಕೈ ಎತ್ತುವ ಮಗು ಉತ್ತರ ಹೇಳಿಬಿಡುತ್ತದೆ. ಉಳಿದವರೆಲ್ಲ ಆ ಮಗುವಿನ ಹಿಂದೆ. ಅದಕ್ಕೇ ನಾನು ಬಾಯಲ್ಲಿ ಕೇಳುವುದಿಲ್ಲ, ಮೊದಲು ಬರೆಸುತ್ತೇನೆ. ರಫ್ ಪುಸ್ತಕದ ಮೂಲೆಯಲ್ಲಿ ಒಂದೇ ಅಕ್ಷರ ಬರೆದರೂ ಸಾಕು: ಎತ್ತರದ್ದಕ್ಕೆ "ಎ", ಗಿಡ್ಡದ್ದಕ್ಕೆ "ಗಿ", ಸಮ ಅನ್ನುವವರು "ಸ". ಬರೆಯಲು ಬಾರದ ಒಂದನೇ ಕ್ಲಾಸಿನ ಮಕ್ಕಳಾದರೆ ಕಣ್ಣು ಮುಚ್ಚಿ ಬೆರಳು ತೋರಿಸುತ್ತಾರೆ. ಒಂದು ಬೆರಳು ಅಂದರೆ ಇದು, ಎರಡು ಬೆರಳು ಅಂದರೆ ಅದು. ಪಕ್ಕದವರನ್ನು ನೋಡಿ ಬದಲಾಯಿಸಲು ಆಗುವುದಿಲ್ಲ. ಆಮೇಲೆ ಬೋರ್ಡಿನ ಮೇಲೆ ಎಣಿಕೆ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ, ಎಷ್ಟು ಜನ ಅಂತ ಮಾತ್ರ.

ಇನ್ನೊಂದಿದೆ, ನಮ್ಮ ಮುಖ. ಮಕ್ಕಳು ಪಠ್ಯಪುಸ್ತಕಕ್ಕಿಂತ ಮೊದಲು ಟೀಚರ್ ಮುಖ ಓದಲು ಕಲಿತಿರುತ್ತಾರೆ. ಸರಿಯುತ್ತರ ಬಂದಾಗ ನಮ್ಮ ಹುಬ್ಬು ಚೂರು ಮೇಲೇರಿದರೂ ಸಾಕು, ಅವರಿಗೆ ಗೊತ್ತಾಗಿಬಿಡುತ್ತದೆ. ಊಹೆ ಕೇಳುವಾಗ "ಗುಡ್", "ವೆರಿ ಗುಡ್" ಅನ್ನುವುದನ್ನು ಪೂರ್ತಿ ಬಿಡಬೇಕು. ಎಲ್ಲ ಊಹೆಗೂ ಒಂದೇ ದನಿಯಲ್ಲಿ "ಸರಿ, ಬರೆದುಕೊಂಡೆ" ಅನ್ನಬೇಕು. ಆಮೇಲೆ ಕಾಯಬೇಕು. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಗುರುತಿಸಿದ್ದೇನೆಂದರೆ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುತ್ತಿದ್ದವರೂ ಮಾತಾಡತೊಡಗಿದರು. ಮೂರು ಸೆಕೆಂಡು! ಇದಕ್ಕಿಂತ ಅಗ್ಗದ ಪಾಠೋಪಕರಣ ನನಗೆ ಗೊತ್ತಿಲ್ಲ.

ಈಗ ನನಗೆ ತುಂಬ ಪ್ರಿಯವಾದ ಆಟ, ದಾಳದ ಓಟ. ಬೋರ್ಡಿನ ಮೇಲೆ 1ರಿಂದ 12ರವರೆಗೆ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರ ಮುಂದೆ ಹತ್ತು ಮನೆ ಗೆರೆ ಎಳೆಯಿರಿ. ಪ್ರತಿ ಗುಂಪು ಒಂದು ಸಂಖ್ಯೆ ಆರಿಸಿಕೊಳ್ಳುತ್ತದೆ, ಅದೇ ಅವರ ಕುದುರೆ. ಎರಡು ದಾಳ ಹಾಕಿ, ಕೂಡಿಸಿ, ಬಂದ ಮೊತ್ತದ ಕುದುರೆ ಒಂದು ಮನೆ ಮುಂದೆ. ಹತ್ತನೇ ಮನೆ ಮುಟ್ಟಿದವರು ಗೆದ್ದರು. ದಾಳ ಇಲ್ಲದಿದ್ದರೆ ಎರಡು ಚೀಲದಲ್ಲಿ 1ರಿಂದ 6ರವರೆಗಿನ ಚೀಟಿ ಹಾಕಿ, ಪ್ರತಿ ಚೀಲದಿಂದ ಒಂದೊಂದು ಎತ್ತಿ, ನೋಡಿ, ವಾಪಸು ಹಾಕಿದರೂ ಆಗುತ್ತದೆ. ರಬ್ಬರ್ ಕತ್ತರಿಸಿ ದಾಳ ಮಾಡುವವರಿದ್ದಾರೆ. ಚೆನ್ನಾಗಿರುತ್ತದೆ, ಆದರೆ ಸಮನಾಗಿ ಕತ್ತರಿಸದಿದ್ದರೆ ಒಂದೇ ಮುಖ ಮತ್ತೆ ಮತ್ತೆ ಬೀಳುತ್ತದೆ. ಚೀಟಿಯೇ ವಾಸಿ.

ಮೊದಲ ಸುತ್ತಿನಲ್ಲಿ ಮಕ್ಕಳು ತಮ್ಮ ಹುಟ್ಟಿದ ದಿನ, ಇಷ್ಟದ ಆಟಗಾರನ ಜೆರ್ಸಿ ನಂಬರು ನೋಡಿ ಕುದುರೆ ಆರಿಸುತ್ತಾರೆ. 12 ದೊಡ್ಡ ಸಂಖ್ಯೆ ಅಂತ ಅದಕ್ಕೆ ಭಾರೀ ಬೇಡಿಕೆ. 1ನ್ನು ಆರಿಸುವವರೂ ಇರುತ್ತಾರೆ. ನಾನು ಏನೂ ಹೇಳುವುದಿಲ್ಲ. ಆಟ ಅರ್ಧಕ್ಕೆ ಬರುವಷ್ಟರಲ್ಲಿ 1ರ ಕುದುರೆ ಹಿಡಿದ ಗುಂಪಿನಲ್ಲಿ ಗುಸುಗುಸು ಶುರುವಾಗುತ್ತದೆ. ಯಾರಾದರೂ ಒಬ್ಬರಿಗೆ ಹೊಳೆಯುತ್ತದೆ, "ಎರಡು ದಾಳ ಹಾಕಿದ್ರೆ ಒಂದು ಬರೋಕೇ ಆಗಲ್ಲ!" ಅಂತ. ಹಾಗೆ ಅಂದ ಮಗುವಿನ ಮುಖದಲ್ಲಿ ಸೋತ ಬೇಸರ ಇರುವುದಿಲ್ಲ. ತಾನೇ ಏನೋ ಕಂಡುಹಿಡಿದ ಹಿಗ್ಗು ಇರುತ್ತದೆ.

ಎರಡನೇ ಸುತ್ತಿಗೆ ಮತ್ತೆ ಆರಿಸಲು ಬಿಡಿ. ಈಗ ಆಯ್ಕೆ ಬೇರೆಯೇ. 6, 7, 8ಕ್ಕೆ ಜಗಳ. ಯಾಕೆ ಅಂತ ಕೇಳಿದರೆ "ಅವು ಜಾಸ್ತಿ ಬರ್ತವೆ" ಅನ್ನುತ್ತಾರೆ. ಯಾಕೆ ಜಾಸ್ತಿ ಬರುತ್ತವೆ? ಇಲ್ಲಿ ಹತ್ತು ನಿಮಿಷ ಕೊಡಬೇಕು. ಯಾವ ಮೊತ್ತ ಎಷ್ಟು ರೀತಿಯಲ್ಲಿ ಬರಬಹುದು ಅಂತ ಗುಂಪಿನಲ್ಲಿ ಬರೆಯಲಿ. ಒಟ್ಟು 36 ರೀತಿ. 7 ಬರಲು 6 ದಾರಿ, 6ಕ್ಕೂ 8ಕ್ಕೂ ಐದೈದು, 2ಕ್ಕೂ 12ಕ್ಕೂ ಒಂದೊಂದೇ. ಮೊದಲ ದಾಳದಲ್ಲಿ 3, ಎರಡನೆಯದರಲ್ಲಿ 4 ಬರುವುದೂ, ಮೊದಲನೆಯದರಲ್ಲಿ 4, ಎರಡನೆಯದರಲ್ಲಿ 3 ಬರುವುದೂ ಬೇರೆ ಬೇರೆಯೋ ಒಂದೇಯೋ ಅಂತ ಜಗಳ ಬಂದೇ ಬರುತ್ತದೆ. ಬರಲಿ. ಎರಡು ದಾಳಕ್ಕೆ ಎರಡು ಬಣ್ಣ ಹಚ್ಚಿಕೊಟ್ಟರೆ ಅವರೇ ಬಗೆಹರಿಸಿಕೊಳ್ಳುತ್ತಾರೆ. ಸಂಭವನೀಯತೆ ಅನ್ನುವ ಪದ ಅವರ ಪಠ್ಯದಲ್ಲಿ ಎಷ್ಟೋ ವರ್ಷದ ನಂತರ ಬರುತ್ತದೆ. ಆಗ ಅದು ಹೊಸಬರಂತೆ ಕಾಣುವುದಿಲ್ಲ. ಈ ನಡುವೆ ಒಂದು ಪೀರಿಯಡ್ಡಿನಲ್ಲಿ ಅವರು ಮಾಡಿರುವ ಕೂಡುವ ಲೆಕ್ಕಗಳನ್ನು ಬೋರ್ಡಿನ ಮೇಲೆ ಕೊಟ್ಟಿದ್ದರೆ ಅರ್ಧದಷ್ಟೂ ಮುಗಿಸುತ್ತಿರಲಿಲ್ಲ.

ತೂಕದ ಪಾಠಕ್ಕೆ ಬಟ್ಟೆ ಹಾಕುವ ಹ್ಯಾಂಗರ್ ಸಾಕು. ಎರಡು ತುದಿಗೂ ಸಮ ಉದ್ದದ ದಾರ ಕಟ್ಟಿ ಒಂದೇ ತೆರನ ಎರಡು ಪೇಪರ್ ಲೋಟ ತೂಗುಹಾಕಿ, ಕಿಟಕಿಯ ಸರಳಿಗೆ ಸಿಕ್ಕಿಸಿದರೆ ತಕ್ಕಡಿ. ಬಟ್ಟು ಎಲ್ಲಿಂದ? ಹಾಳೆಯೇ ಬಟ್ಟು. ಪ್ರಿಂಟಿಗೆ ಬಳಸುವ ಕಾಗದದ ಕಟ್ಟಿನ ಮೇಲೆ ಸಾಮಾನ್ಯವಾಗಿ "80 ಜಿಎಸ್‌ಎಂ" ಅಂತ ಇರುತ್ತದೆ. ಅಂದರೆ ಒಂದು ಚದರ ಮೀಟರ್ ಕಾಗದದ ತೂಕ 80 ಗ್ರಾಂ. ಒಂದು ಚದರ ಮೀಟರ್ ವಿಸ್ತೀರ್ಣದ ಎ0 ಹಾಳೆಯನ್ನು ಅರ್ಧ, ಅದರ ಅರ್ಧ ಅಂತ ನಾಲ್ಕು ಸಲ ಕತ್ತರಿಸಿದರೆ ಹದಿನಾರು ಎ4 ಹಾಳೆ ಸಿಗುತ್ತವೆ. ಹಾಗಾಗಿ ಒಂದು ಎ4 ಹಾಳೆ ಸರಿಸುಮಾರು 5 ಗ್ರಾಂ, ಅರ್ಧ ಹಾಳೆ ಎರಡೂವರೆ ಗ್ರಾಂ. ಮಡಚಿ ಲೋಟಕ್ಕೆ ಹಾಕಿದರಾಯಿತು. ಒಂದು ಪೆನ್ನಿಗೆ ಎಷ್ಟು ಹಾಳೆ? ಜಾಮಿಟ್ರಿ ಬಾಕ್ಸಿನ ಕೈವಾರಕ್ಕೆ? ಊಹೆ ಮೊದಲು, ತೂಗುವುದು ಆಮೇಲೆ. ಮೊದಮೊದಲು ಮಕ್ಕಳ ಊಹೆ ಎಲ್ಲೆಲ್ಲಿಗೋ ಹೋಗುತ್ತದೆ. ತೂಗುತ್ತಾ ತೂಗುತ್ತಾ ಹತ್ತಿರ ಬರುತ್ತದೆ. ಗ್ರಾಂ ಎಂದರೆ ಎಷ್ಟು ಅನ್ನುವುದು ಕೈಗೆ ಹತ್ತುವುದು ಹೀಗೆ.

ಇದೇ ತಕ್ಕಡಿಯಲ್ಲಿ ಇನ್ನೊಂದು ಇದೆ. ಒಂದೇ ತರಹದ ಎರಡು ಹಾಳೆ. ಒಂದನ್ನು ನೀಟಾಗಿ ಮಡಚಿ, ಇನ್ನೊಂದನ್ನು ಮುದುರಿ ಉಂಡೆ ಮಾಡಿ. ಯಾವುದು ಭಾರ? ಎರಡನೇ ಮೂರನೇ ಕ್ಲಾಸಿನಲ್ಲಿ ಬಿಸಿ ಬಿಸಿ ಚರ್ಚೆ. "ಉಂಡೆ ಗಟ್ಟಿ ಇದೆ, ಅದೇ ಭಾರ." "ಇಲ್ಲ, ಅದು ಚಿಕ್ಕದಾಯ್ತಲ್ಲ, ಹಗುರ." ಆಕಾರ ಬದಲಾದರೂ ವಸ್ತುವಿನ ಪ್ರಮಾಣ ಬದಲಾಗುವುದಿಲ್ಲ ಎಂಬ ಅರಿವು ಮಕ್ಕಳಲ್ಲಿ ಹುಟ್ಟಿನಿಂದ ಇರುವುದಿಲ್ಲ, ಸುಮಾರು ಏಳು ವರ್ಷದ ಆಸುಪಾಸಿನಲ್ಲಿ ಮೂಡುತ್ತದೆ, ತೂಕದ ವಿಷಯದಲ್ಲಿ ಇನ್ನೂ ತಡವಾಗಿ ಎಂದು ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತೋರಿಸಿಕೊಟ್ಟರು. ಆದ್ದರಿಂದ ಉಂಡೆ ಭಾರ ಅನ್ನುವ ಮಗು ದಡ್ಡ ಮಗು ಅಲ್ಲ, ತನ್ನ ವಯಸ್ಸಿಗೆ ತಕ್ಕಂತೆ ಯೋಚಿಸುತ್ತಿರುವ ಮಗು. ತಕ್ಕಡಿ ಸಮ ನಿಂತಾಗಲೂ ಕೆಲವರು ಒಪ್ಪುವುದಿಲ್ಲ, "ಇನ್ನೊಂದ್ಸಲ" ಅನ್ನುತ್ತಾರೆ. ಒತ್ತಾಯದಿಂದ ಒಪ್ಪಿಸಲು ಹೋಗಬಾರದು. ಉಂಡೆ ಬಿಡಿಸಿ, ಮತ್ತೆ ಮುದುರಿ, ಅವರೇ ಹಾಕಿ ನೋಡಲಿ. ನೋಡಿಯೂ ನಂಬದಿದ್ದರೆ ಮುಂದಿನ ತಿಂಗಳು ನೋಡೋಣ.

ಬೇಗ ಮುಗಿಯುವಂಥವೂ ಕೆಲವು ಇರಲಿ. ಲೋಟವೊಂದನ್ನು ಹಿಡಿದು, ಇದರ ಎತ್ತರ ಹೆಚ್ಚೋ ಬಾಯಿಯ ಸುತ್ತಳತೆ ಹೆಚ್ಚೋ ಅಂತ ಕೇಳಿ. ಬಹುಮಂದಿ ಎತ್ತರ ಅನ್ನುತ್ತಾರೆ. ದಾರ ಸುತ್ತಿ ನೋಡಿದರೆ ಸುತ್ತಳತೆಯೇ ಉದ್ದ, ಅದು ಅಡ್ಡಳತೆಯ ಮೂರು ಪಟ್ಟಿಗಿಂತ ಚೂರು ಹೆಚ್ಚು. ಕಾಗದವನ್ನು ಅರ್ಧಕ್ಕರ್ಧ ಎಷ್ಟು ಸಲ ಮಡಚಬಹುದು? ಇಪ್ಪತ್ತು, ಐವತ್ತು ಅನ್ನುವ ಮಕ್ಕಳು ಆರೇಳಕ್ಕೆ ಸುಸ್ತಾಗುತ್ತಾರೆ. ಹತ್ತು ಸಲ ಮಡಚಿದರೆ 1024 ಪದರ ಆಗಬೇಕಲ್ಲ! 2002ರಲ್ಲಿ ಬ್ರಿಟ್ನಿ ಗ್ಯಾಲಿವನ್ ಎಂಬ ಅಮೆರಿಕದ ಹೈಸ್ಕೂಲ್ ಹುಡುಗಿ ಬಹಳ ಉದ್ದನೆಯ ಟಾಯ್ಲೆಟ್ ಪೇಪರನ್ನು ಹನ್ನೆರಡು ಸಲ ಮಡಚಿ ತೋರಿಸಿದ್ದಳು ಅಂತ ಹೇಳಿದರೆ, ಮರುದಿನ ಯಾರಾದರೂ ದಿನಪತ್ರಿಕೆಗಳನ್ನು ಅಂಟಿಸಿಕೊಂಡು ಬಂದೇ ಬರುತ್ತಾರೆ. ಕಾಗದದ ಪಟ್ಟಿಗೆ ಅರ್ಧ ತಿರುವು ಕೊಟ್ಟು ತುದಿ ಅಂಟಿಸಿ, ನಡುವೆ ಉದ್ದಕ್ಕೂ ಕತ್ತರಿಸಿದರೆ ಎರಡು ಬಳೆ ಆಗುತ್ತವೋ ಒಂದೋ? ಒಂದೇ ದೊಡ್ಡ ಬಳೆ. ಇದು 1858ರಲ್ಲಿ ಜರ್ಮನಿಯ ಗಣಿತಜ್ಞ ಮೊಬಿಯಸ್ ಗುರುತಿಸಿದ ಪಟ್ಟಿ. ಇದರ ಕಾರಣ ವಿವರಿಸಲು ನಾನು ಹೋಗುವುದಿಲ್ಲ. ಅಚ್ಚರಿ ಮಾತ್ರ ಸಾಕಾಗುವ ದಿನಗಳೂ ಇರುತ್ತವೆ.

ಲೋಲಕಕ್ಕೆ ಮಾತ್ರ ಒಂದು ಇಡೀ ಪೀರಿಯಡ್ ಇಡಿ. ಐದನೇ ಕ್ಲಾಸಿಗೆ ಹೇಳಿ ಮಾಡಿಸಿದ್ದು. ದಾರದ ತುದಿಗೆ ರಬ್ಬರ್ ಕಟ್ಟಿ ತೂಗಿಬಿಟ್ಟರೆ, ಹೋಗಿ ಬರಲು ಎಷ್ಟು ಹೊತ್ತು? ಬೇಗ ತೂಗಬೇಕಾದರೆ ಏನು ಮಾಡಬೇಕು: ಭಾರ ಹೆಚ್ಚಿಸಬೇಕೋ, ಜೋರಾಗಿ ತಳ್ಳಬೇಕೋ, ದಾರ ಗಿಡ್ಡ ಮಾಡಬೇಕೋ? ಭಾರ ಅನ್ನುವವರೇ ಹೆಚ್ಚು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ನೋಡಬೇಕು ಎಂಬ ವಿಜ್ಞಾನದ ದೊಡ್ಡ ಶಿಸ್ತು ಇಲ್ಲಿ ಮಕ್ಕಳಿಗೆ ತಾನಾಗಿ ಬರುತ್ತದೆ, ಯಾಕೆಂದರೆ ಭಾರವನ್ನೂ ದಾರವನ್ನೂ ಒಟ್ಟಿಗೆ ಬದಲಾಯಿಸಿದ ಗುಂಪಿಗೆ ಉಳಿದ ಗುಂಪುಗಳೇ ತಕರಾರು ತೆಗೆಯುತ್ತವೆ. ದಾರ ಸುಮಾರು 25 ಸೆಂಟಿಮೀಟರ್ ಇದ್ದರೆ ಹೋಗಿಬರಲು ಒಂದು ಸೆಕೆಂಡು, ಒಂದು ಮೀಟರ್ ಇದ್ದರೆ ಎರಡು ಸೆಕೆಂಡು. ಹತ್ತು ಸಲ ತೂಗಿದ ಹೊತ್ತನ್ನು ಅಳೆದು ಹತ್ತರಿಂದ ಭಾಗಿಸಿದರೆ ಲೆಕ್ಕ ಚೆನ್ನಾಗಿ ಕೂಡುತ್ತದೆ.

ಭಾಷೆಯ ಪೀರಿಯಡ್ಡಿನಲ್ಲಿ ಊಹೆಗೆ ಇನ್ನೂ ದೊಡ್ಡ ಜಾಗವಿದೆ. ಕಥೆಯನ್ನು ನಡುವೆ ನಿಲ್ಲಿಸಿ "ಮುಂದೇನಾಗಿರಬಹುದು?" ಅಂತ ಕೇಳುವುದು ಎಲ್ಲರೂ ಮಾಡುವುದೇ. ಅದಕ್ಕೆ ಒಂದು ಸಣ್ಣ ಪ್ರಶ್ನೆ ಸೇರಿಸಿ ನೋಡಿ: "ಕಥೆಯಲ್ಲಿ ಯಾವ ಮಾತು ನೋಡಿ ಹಾಗೆ ಅನ್ನಿಸ್ತು?" ಮಗು ಪುಟ ತಿರುವಿ ಆ ಸಾಲು ಹುಡುಕಬೇಕಾಗುತ್ತದೆ. ಓದಿ ಅರ್ಥ ಮಾಡಿಕೊಳ್ಳುವುದು ಅಂದರೆ ಬಹುಮಟ್ಟಿಗೆ ಇದೇ.

ಓಡಿ ಬಂದು ಉಕ್ತಲೇಖನ ಬರೆಸುವ ಆಟ ನಮ್ಮಲ್ಲಿ ಇನ್ನಷ್ಟು ಬಳಕೆಗೆ ಬರಬೇಕು. ಐದಾರು ಸಾಲಿನ ಒಂದು ಭಾಗವನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಕ್ಲಾಸು ದೊಡ್ಡದಿದ್ದರೆ ನಾಲ್ಕು ಮೂಲೆಗೆ ನಾಲ್ಕು ಪ್ರತಿ. ಜೋಡಿಯಲ್ಲಿ ಒಬ್ಬರು ಹೋಗಿ ಓದಿ, ನೆನಪಿಟ್ಟುಕೊಂಡು ಬಂದು, ಇನ್ನೊಬ್ಬರ ಕಿವಿಯಲ್ಲಿ ಹೇಳಬೇಕು. ಅವರು ಬರೆಯಬೇಕು. ಅರ್ಧಕ್ಕೆ ಪಾತ್ರ ಅದಲು ಬದಲು. ಓದು, ನೆನಪು, ಮಾತು, ಕೇಳುವುದು, ಬರೆಯುವುದು ಐದೂ ಒಂದೇ ಆಟದಲ್ಲಿ. ನಾನು ಕೊನೆಯ ಸಾಲನ್ನು ಬೇಕೆಂದೇ ಬಿಟ್ಟಿರುತ್ತೇನೆ, ಅದನ್ನು ಪ್ರತಿ ಜೋಡಿಯೂ ತಾನೇ ಊಹಿಸಿ ಬರೆಯಬೇಕು. ಒಬ್ಬ ಹುಡುಗ, ಓದಲು ಹೇಳಿದರೆ ತಲೆ ತಗ್ಗಿಸಿ ಕೂರುವವನು, ಈ ಆಟದಲ್ಲಿ ಒಂದೊತ್ತಕ್ಷರಕ್ಕಾಗಿ ಗೋಡೆಯವರೆಗೆ ಮತ್ತೆ ಮತ್ತೆ ಓಡಿ ಹೋಗಿ ಬೆರಳಿಟ್ಟು ನೋಡಿಕೊಂಡು ಬರುತ್ತಿದ್ದ. ಬರೆಯುತ್ತಿದ್ದ ಗೆಳತಿ ಒತ್ತಕ್ಷರ ತಪ್ಪು ಹಾಕಿದಾಗ "ಅದಲ್ಲ, ಕೆಳಗೆ ಬಾಲ ಇದೆ ಅದಕ್ಕೆ" ಅಂತ ಗಾಳಿಯಲ್ಲಿ ಬರೆದು ತೋರಿಸಿದ. ಅವನಿಗೆ ಅಕ್ಷರ ಗೊತ್ತಿತ್ತು. ಇಡೀ ಕ್ಲಾಸಿನ ಎದುರು ಒಬ್ಬನೇ ಓದುವುದಷ್ಟೇ ಆಗುತ್ತಿರಲಿಲ್ಲ.

ಸದ್ದಿನ ಮಾತಿಗೆ ಬರಲೇಬೇಕು. ಇಂಥ ಕ್ಲಾಸಿನಲ್ಲಿ ಗಲಾಟೆ ಆಗುತ್ತದೆ, ಪಕ್ಕದ ಕೋಣೆಯವರಿಗೆ ತೊಂದರೆಯೂ ಆಗುತ್ತದೆ. ಅವರ ಪಾಠವೂ ನಮ್ಮ ಪಾಠದಷ್ಟೇ ಮುಖ್ಯ. ಓಡುವ ಆಟಗಳನ್ನು ಮರದಡಿಗೋ ಅಂಗಳಕ್ಕೋ ಒಯ್ಯುವುದು, ಪಕ್ಕದವರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿಡುವುದು ಒಳ್ಳೆಯದು. ಸದ್ದು ನಿಲ್ಲಿಸಲು ನಾವೇ ಕಿರುಚಿದರೆ ಸದ್ದು ಎರಡಾಗುತ್ತದೆ. ನಾನು ಕೈ ಎತ್ತಿ ನಿಲ್ಲುತ್ತೇನೆ, ನೋಡಿದವರು ಕೈ ಎತ್ತಿ ಬಾಯಿ ಮುಚ್ಚುತ್ತಾರೆ, ಅದು ಹಿಂದಿನ ಬೆಂಚಿನವರೆಗೆ ಹಬ್ಬುತ್ತದೆ. ಇದನ್ನು ಆಟದ ನಡುವೆ ಕಲಿಸಲಾಗದು, ವರ್ಷದ ಮೊದಲ ವಾರದಲ್ಲೇ ಅಭ್ಯಾಸ ಮಾಡಿಸಬೇಕು.

ಮಕ್ಕಳ ಸಂಖ್ಯೆ ಹೆಚ್ಚಿದ್ದರೆ ಎಲ್ಲರೂ ಮಾತಾಡುವುದು ಹೇಗೆ? ಮೊದಲು ಒಬ್ಬರೇ ಯೋಚಿಸಿ, ಆಮೇಲೆ ಪಕ್ಕದವರಿಗೆ ಹೇಳಿ, ಕೊನೆಗೆ ಕೆಲವು ಜೋಡಿ ಮಾತ್ರ ಕ್ಲಾಸಿಗೆ ಹೇಳುವುದು. ಅಮೆರಿಕದ ಫ್ರಾಂಕ್ ಲೈಮನ್ 1981ರಲ್ಲಿ ಈ ಕ್ರಮವನ್ನು ಮುಂದಿಟ್ಟರು. ಈಗ ಎಲ್ಲ ಶಿಕ್ಷಕ ತರಬೇತಿಗಳಲ್ಲೂ ಕೇಳಿಬರುತ್ತದೆ, ಆದ್ದರಿಂದಲೋ ಏನೋ ಯಾರೂ ಲಕ್ಷ್ಯ ಕೊಡುವುದಿಲ್ಲ. ಆದರೆ ಎರಡೇ ನಿಮಿಷದಲ್ಲಿ ಕ್ಲಾಸಿನ ಪ್ರತಿ ಮಗುವೂ ಬಾಯಿಬಿಟ್ಟು ಕಾರಣ ಹೇಳುವಂತೆ ಮಾಡುವ ಬೇರೆ ದಾರಿ ನನಗಂತೂ ಸಿಕ್ಕಿಲ್ಲ.

"ಬರೀ ಆಟ ಆಡಿಸ್ತಾರೆ" ಎಂಬ ಪೋಷಕರ ಮಾತು ನೋಯಿಸುತ್ತದೆ. ಅವರ ಕಾಳಜಿ ಸುಳ್ಳಲ್ಲ, ಮಗುವಿನ ಪುಸ್ತಕ ಖಾಲಿ ಇದ್ದರೆ ಯಾರಿಗಾದರೂ ಆತಂಕವಾಗುತ್ತದೆ. ಅದಕ್ಕೆ ಪ್ರತಿ ಚಟುವಟಿಕೆಯ ಕೊನೆಗೆ ಮೂರು ಸಾಲು ಬರೆಸುತ್ತೇನೆ: ನಾನು ಏನು ಊಹಿಸಿದ್ದೆ, ಏನಾಯಿತು, ಯಾಕಿರಬಹುದು. ತಪ್ಪಾದ ಊಹೆಯನ್ನು ಅಳಿಸಲು ಬಿಡುವುದಿಲ್ಲ. ರಬ್ಬರ್ ತಗೊಂಡು ಗುಟ್ಟಾಗಿ ತಿದ್ದುವ ಮಕ್ಕಳಿರುತ್ತಾರೆ, ಅವರಿಗೆ ಪೆನ್ನು ಕೊಡಿ. ಮನೆಗೆ ಹೋದ ಪುಸ್ತಕದಲ್ಲಿ ಈ ಮೂರು ಸಾಲು ಓದಿದ ಪೋಷಕರು ಆಮೇಲೆ ಆಟದ ಬಗ್ಗೆ ದೂರುವುದು ಕಡಿಮೆ. ಮನೆಯಲ್ಲಿ ತಾವೂ ಊಹಿಸಿ ಸೋತ ಕಥೆಯನ್ನೇ ಹೇಳುತ್ತಾರೆ.

ದುಬಾರಿ ಕಿಟ್‌ಗಳ ಬಗ್ಗೆ ಒಂದು ಮಾತು. ಶಾಲೆಗೆ ಬಂದರೆ ಬಳಸಿ, ಬೇಡ ಅನ್ನುವುದಿಲ್ಲ. ಆದರೆ ಎಷ್ಟೋ ಕಿಟ್‌ಗಳಲ್ಲಿ ಪ್ರಶ್ನೆಯನ್ನು ತಯಾರಿಸಿದವರೇ ಕೇಳಿ, ಉತ್ತರವನ್ನು ಡಬ್ಬದ ಮೇಲೆ ಅಚ್ಚು ಹಾಕಿರುತ್ತಾರೆ. ಮುರಿದೀತು ಎಂಬ ಭಯಕ್ಕೆ ಅವು ಬೀರುವಿನಲ್ಲೇ ಉಳಿಯುತ್ತವೆ. 1837ರಲ್ಲಿ ಫ್ರೆಡ್ರಿಕ್ ಫ್ರೋಬೆಲ್ ಜರ್ಮನಿಯಲ್ಲಿ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದಾಗ ಅವರ ಕೈಗೆ ಕೊಟ್ಟದ್ದು ನೂಲಿನ ಚೆಂಡು, ಮರದ ತುಂಡು. ನಮ್ಮ ಕಾಲದಲ್ಲಿ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್‌ನಂಥ ಎಸೆಯುವ ಸಾಮಾನಿನಿಂದಲೇ ವಿಜ್ಞಾನದ ಆಟಿಕೆ ಮಾಡಿ ತೋರಿಸಿದ ಅರವಿಂದ ಗುಪ್ತ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರ ಆಟಿಕೆಗಳನ್ನು ಮಗು ಮುರಿಯಬಹುದು, ಮತ್ತೆ ಕಟ್ಟಬಹುದು. ಮುರಿದರೆ ಬೈಗುಳ ಇಲ್ಲ ಎಂದು ಗೊತ್ತಿದ್ದಾಗಲೇ ಮಗು ನಿಜವಾಗಿ ಪರೀಕ್ಷಿಸಿ ನೋಡುವುದು.

ನನ್ನ ಬೀರುವಿನಲ್ಲಿರುವ ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಕ್ಯಾಲೆಂಡರ್ ಹಾಳೆ (ಕೊಳವೆಗೆ ಇದೇ ಚೆನ್ನ, ಬಾಗುವುದಿಲ್ಲ), ದಾರದ ಉಂಡೆ, ಬಾಟಲಿ ಮುಚ್ಚಳ, ಬಟ್ಟೆ ಕ್ಲಿಪ್ಪು, ಎರಡು ಹ್ಯಾಂಗರ್, ಒಂದು ಬದಿ ಖಾಲಿಯಿರುವ ಕಾಗದ ಇರುತ್ತವೆ. ತರುವುದು ಮಕ್ಕಳೇ. ಆದರೆ ಮನೆಯಿಂದ ತರದವರ ಹೆಸರು ಕರೆಯುವುದಿಲ್ಲ, ಪಟ್ಟಿ ಮಾಡುವುದಿಲ್ಲ. ಮುಚ್ಚಳವೊಂದನ್ನೂ ತರಲಾಗದ ಮನೆಗಳಿರುತ್ತವೆ, ಕೇಳಲು ಸಂಕೋಚಪಡುವ ಮಕ್ಕಳಿರುತ್ತಾರೆ.

ಕೊನೆಯದಾಗಿ, ಚಟುವಟಿಕೆ ಮುಗಿದ ಒಂದು ವಾರದ ನಂತರದ ಕೆಲಸ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ನಂತರ ಮುಂದೆ ಬಂದವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದಿದ್ದವರು. ಹಾಗಾಗಿ ಶುಕ್ರವಾರ ಕಡೆಯ ಪೀರಿಯಡ್ಡಿನಲ್ಲಿ ಹಿಂದಿನ ವಾರದ್ದೇ ಒಂದು ಪ್ರಶ್ನೆ, ಚೂರು ಬದಲಾಯಿಸಿ ಕೇಳುತ್ತೇನೆ. ಕೊಳವೆಯ ಬದಲು ಎರಡು ಡಬ್ಬಿಯ ಚಿತ್ರ, ಹಾಳೆಯ ಬದಲು ಮಣ್ಣಿನ ಉಂಡೆ. ಕಾಗದದ ಚೂರಿನಲ್ಲಿ ಉತ್ತರ, ಪಕ್ಕದಲ್ಲಿ ಕಾರಣ. ಅಂಕ ಇಲ್ಲ. ಸಂಜೆ ಕೂತು ಆ ಚೂರುಗಳನ್ನು ಮೂರು ಗುಡ್ಡೆ ಮಾಡುತ್ತೇನೆ. ಉತ್ತರವೂ ಕಾರಣವೂ ಸರಿ ಇರುವವು, ಉತ್ತರ ಸರಿಯಿದ್ದು ಕಾರಣ ತೊಡಕಾಗಿರುವವು, ಎರಡೂ ಮೊದಲಿನಂತೆಯೇ ಇರುವವು. ನಡುವಿನ ಗುಡ್ಡೆಯನ್ನು ಹೆಚ್ಚು ಹೊತ್ತು ಓದಬೇಕಾಗುತ್ತದೆ, ಮಕ್ಕಳು ಹೇಗೆ ಯೋಚಿಸುತ್ತಿದ್ದಾರೆ ಅನ್ನುವುದು ಅಲ್ಲೇ ಕಾಣುವುದು. ಸೋಮವಾರ ಬೆಳಿಗ್ಗೆ ಮಿಕ್ಕವರು ಓದಿಕೊಳ್ಳುತ್ತಿರುವಾಗ ಮೂರನೇ ಗುಡ್ಡೆಯ ಮಕ್ಕಳನ್ನು ಕಿಟಕಿಯ ಬಳಿ ಕರೆದು, ಹ್ಯಾಂಗರ್ ಸಿಕ್ಕಿಸಿಕೊಟ್ಟು, ಈ ಸಲ ಪ್ರಶ್ನೆಯನ್ನು ಅವರೇ ಹಾಕಿಕೊಳ್ಳಲಿ ಅಂತ ಬಿಡುತ್ತೇನೆ.